ಆರದ ಬಣ್ಣ

ಯುದ್ಧಗಳೆಲ್ಲ ಮೇಜಿನ ಮೇಲಿನ ಆಟಗಳಾದ ನಂತರ, ನಮ್ಮೂರ ಸೈನ್ಯಕ್ಕೆ ಬಣ್ಣ ಹಚ್ಚುವ ಕೆಲಸ ನನ್ನದು. ಬೆರಳುದ್ದದ ಗೊಂಬೆ ಆಟದಲ್ಲಿ ಉರುಳಿದರೆ, ಅದು ಯಾರ ಹೆಸರಿನದೋ ಅವರ ಉಸಿರೂ ಅಲ್ಲಿಗೆ ನಿಲ್ಲುತ್ತದೆ. ಈ ಸಲ ಚೀಟಿ ಎತ್ತಿದಾಗ ನನ್ನ ಮಗಳು ಇಂಚರಾಳ ಹೆಸರು ಬಂದಿತ್ತು.

ಗೊಂಬೆಗಳನ್ನು ಒಯ್ಯಲು ಬಂದವಳು ಗೆಳತಿ ನೀಲಾಂಬಿಕಾ. ಊರಿನ ಪರವಾಗಿ ಆಡುವವಳೂ ಅವಳೇ. ಮೂವತ್ತೊಂಬತ್ತನ್ನು ಪೆಟ್ಟಿಗೆಯಲ್ಲಿಟ್ಟು, ಕಿಟಕಿಯಲ್ಲಿದ್ದ ಕೊನೆಯದರತ್ತ ನೋಡಿದಳು.

“ಇದ್ಯಾಕ ಇಲ್ಲೇ ಉಳೀತು?”

“ಬಣ್ಣ ಇನ್ನೂ ಹಸಿ ಐತಿ,” ಎಂದೆ. ಹಚ್ಚಿ ನಾಲ್ಕು ದಿನವಾಗಿತ್ತು.

“ಹಸಿ ಇದ್ರ ಮೇಜಿನ ಮ್ಯಾಲೆ ಇಡಂಗಿಲ್ಲ,” ಎನ್ನುತ್ತ ಅವಳು ಗೊಂಬೆಯ ಬೆನ್ನನ್ನು ಮುಟ್ಟಿದಳು. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ.

ನೀಲಾಂಬಿಕಾ ಆ ಒಣ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ಛೀ, ಸೀರಿ ಕೆಡಿಸಿದೆಲ್ಲ, ಖೋಡಿ! ಇರಲಿ, ಮೂವತ್ತೊಂಬತ್ತರಾಗ ಆಡ್ತೀನಿ.”