ಹಾಲುಕ್ಕುವ ಮುಂಚೆ

ಹಾಲು ಪಾತ್ರೆಯ ಅಂಚು ಮುಟ್ಟಲು ಇನ್ನು ಬೆರಳಗಲವಷ್ಟೇ ಉಳಿದಿತ್ತು. ಶಿರಾ ಗೇಟಿನ ಗ್ಯಾರೇಜಿನಲ್ಲಿ ತಾನೇ ಅಳತೆ ಕೊಟ್ಟು, ಹಳೇ ಮೆಟಡೋರ್ ವ್ಯಾನಿನೊಳಗೆ ಕೂರಿಸಿಕೊಂಡಿದ್ದ ಒಲೆಯ ಮುಂದೆ ಪ್ರೇಮಲತಾ ಬಗ್ಗಿ ನಿಂತಿದ್ದಳು. ಮೇಲೆ ಸೋಲಾರ್ ಪ್ಲೇಟು, ಮೂಲೆಯಲ್ಲಿ ನೀರಿನ ಟ್ಯಾಂಕು, ಮಡಚುವ ಮಂಚ. ನರ್ಸ್ ಕೆಲಸ ಬಿಟ್ಟು ವರ್ಷವಿಡೀ ಊರೂರು ತಿರುಗಲು ಹೊರಟವಳನ್ನು ಹುಚ್ಚಿ ಎಂದು ಗುಬ್ಬಿ ಊರಿಗೆಲ್ಲ ಸಾರಿದ್ದ ತಮ್ಮ ಕನಕರಾಜು, ಇವತ್ತು ಹಾಲು, ಹೂವು, ನೆಂಟರ ಸಮೇತ ಬಂದಿದ್ದ. ಅವಳಿಗೆ ಅರೆಗಳಿಗೆ ನಿಜಕ್ಕೂ ಸಂತೋಷವಾಗಿತ್ತು.

"ಎಲ್ರೂ ನೋಡ್ಕೊಳ್ರಪ್ಪಾ," ಅವನು ವ್ಯಾನಿನ ಬಾಗಿಲಲ್ಲಿ ನಿಂತು ಕೂಗಿದ. "ಹಾಲುಕ್ತು ಅಂದ್ರೆ ಅಕ್ಕಂಗೂ ಸ್ವಂತ ಮನೆ ಆಯ್ತು. ಇನ್ನು ಅಪ್ಪನ ಮನೇಲಿ ಅವಳಿಗೆ ರೂಮ್ ಯಾಕೆ? ನಾಳೇನೇ ಖಾಲಿ ಮಾಡಿಸ್ತೀನಿ."

"ವಾಸ್ತು ಸರಿ ಇಲ್ದಿದ್ರೆ ಸ್ಟೇರಿಂಗ್ ತಿರುಗಿಸ್ಕೊಂಡ್ರಾಯ್ತು ಬುಡು!" ಎಂದರು ಯಾರೋ. ನೆಂಟರೆಲ್ಲ ನಕ್ಕರು. ಕನಕರಾಜು ಮಾತ್ರ ನಗದೆ ಪಾತ್ರೆಯನ್ನೇ ನೋಡುತ್ತಿದ್ದ.

ನೊರೆ ಅಂಚು ಮುಟ್ಟಿತು. ಪ್ರೇಮಲತಾ ಒಲೆ ಆರಿಸಿದಳು. ಹಾಲು ಕುಸಿದು ತಳಕ್ಕಿಳಿಯಿತು. ಫಿಲ್ಟರಿನಲ್ಲಿದ್ದ ಡಿಕಾಕ್ಷನ್ನನ್ನೆಲ್ಲ ಅದಕ್ಕೆ ಸುರಿದು, ಸಕ್ಕರೆ ಹಾಕಿ ಕದಡಿದಳು.

"ತಿರುಗಾಡ್ಕೊಂಡ್ ಬರೋಳಿಗೆ ಗೃಹಪ್ರವೇಶ ಯಾಕ್ಲಾ?" ಮೊದಲ ಲೋಟವನ್ನು ತಮ್ಮನ ಕೈಗೆ ತುರುಕಿದಳು. "ಕಾಫಿ ಕುಡಿ. ಮುಂದಿನ ವರ್ಷ ಬಂದು ನನ್ನ ರೂಮಲ್ಲೇ ಮಲಗ್ತೀನಿ. ಅಲ್ಲೀವರ್ಗೂ ಕಸ ಗುಡಿಸ್ತಿರು."