ಹೊಲಿಗೆ ಯಂತ್ರ ಬಿದ್ದ ಮನೆ

"ಹೊಲಿಗೆ ಯಂತ್ರ ಬೀದಿಗೆ ಬಿದ್ದ ಮನೆ ಯಾವುದು, ಯಜಮಾನ್ರೇ?"

ಕೇಳಿದವಳು ಬೆನ್ನ ಮೇಲೆ ದೊಡ್ಡ ಚೀಲ ಹೊತ್ತ ಪರದೇಶದ ಹುಡುಗಿ. ಜೊತೆಗಿದ್ದ ಹುಡುಗ ಬೆವರು ಒರೆಸಿಕೊಳ್ಳುತ್ತಿದ್ದ. ಬಾಗಿಲ ಮುಂದೆ ತೂಗುಕುರ್ಚಿ ಹಾಕಿಕೊಂಡು ಕುಳಿತಿದ್ದ ದೊನ್ ಹಸಿಂತೊ ಕೇಳಿಸದವನಂತೆ ಮುಖ ಮಾಡಿದ. ತನ್ನ ಭಾಷೆಯೇ ತಪ್ಪಿರಬೇಕೆಂದುಕೊಂಡು ಅವಳು ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳಿದಳು. ಅವರು ದೊನ್ಯಾ ಯೆಲ್ಬಾಳ ವಸತಿಗೃಹಕ್ಕೆ ಹೋಗಬೇಕಿತ್ತು. ಯೆಲ್ಬಾ ಫೋನಿನಲ್ಲಿ ಹೇಳಿದ ದಾರಿ ಇದು: ಚಿತ್ರಮಂದಿರ ಇದ್ದ ಜಾಗದಿಂದ ಕೆರೆಯ ಕಡೆಗೆ ಎರಡು ಬೀದಿ, ಅಲ್ಲಿ ಹೊಲಿಗೆ ಯಂತ್ರ ಬಿದ್ದ ಮನೆ ಅಂದರೆ ಯಾರು ಬೇಕಾದರೂ ತೋರಿಸುತ್ತಾರೆ, ಅಲ್ಲಿಂದ ಸೂರ್ಯ ಹುಟ್ಟುವ ಕಡೆಗೆ ಒಂದೇ ಬೀದಿ.

ಒಳಗೆ ಟಕಟಕ ಎನ್ನುತ್ತಿದ್ದ ಹೊಲಿಗೆ ಯಂತ್ರ ನಿಂತಿತು.

ಮನಾಗುವಾ ನಗರದಲ್ಲಿ ಬೀದಿಯ ಹೆಸರು, ಮನೆಯ ನಂಬರು ನೆಚ್ಚಿಕೊಂಡು ಹೊರಟವರು ಊರು ಸೇರುವುದು ಅಷ್ಟರಲ್ಲೇ ಇದೆ. ಭೂಕಂಪದಲ್ಲಿ ನೆಲಸಮವಾದ ಚಿತ್ರಮಂದಿರ, ಕಡಿದು ಎಷ್ಟೋ ಕಾಲವಾದ ಮರ, ಇಂಥವೇ ಇಲ್ಲಿ ದಾರಿ ತೋರಿಸುವುದು. ಇರುವುದಕ್ಕಿಂತ ಇಲ್ಲದ್ದಕ್ಕೇ ಈ ಊರಿನಲ್ಲಿ ಮರ್ಯಾದೆ ಹೆಚ್ಚು. ಹಸಿಂತೊ ತಾನೂ ಕೇಳಿದವರಿಗೆಲ್ಲ ಹಾಗೇ ದಾರಿ ಹೇಳುತ್ತ ಬಂದವನು. ತನ್ನ ಮನೆಯೂ ಇಂಥದೊಂದು ಗುರುತಾಗಿದೆಯೆಂದು ಅವನಿಗೆ ಗೊತ್ತಾದದ್ದು ಮಾತ್ರ ಈಗ. ಓಣಿಯವರು ಯಾರೂ ಅವನೆದುರು ಅದನ್ನು ಬಾಯಿಬಿಟ್ಟಿರಲಿಲ್ಲ. ಈ ಹುಡುಗಿಗೆ ಏನು ಗೊತ್ತು, ಪಾಪ.

ಅವನ ಬೆರಳು ತಾನಾಗಿಯೇ ಸೂರ್ಯ ಮುಳುಗುವ ಕಡೆಗೆ ಎದ್ದಿತು. ಸೀದಾ ಕೆಳಗೆ ಹೋಗಿ, ಸಂತೆಯ ಹತ್ತಿರ ಕೇಳಿ ಅಂದ. ಅವರಿಬ್ಬರೂ ಎದೆಯ ಮೇಲೆ ಕೈಯಿಟ್ಟು ಉಪಕಾರವಾಯಿತು ಎಂದು ಹೇಳಿ, ಆ ಉರಿಬಿಸಿಲಿನಲ್ಲಿ ಚೀಲ ಹೊತ್ತು ನಡೆದರು. ಬೈದಿದ್ದರೂ ಅವನಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಕೂಗಿ ಕರೆಯಬೇಕೆಂದು ಎದ್ದು ನಿಂತ. ಕೂಗದೆಯೇ ಮತ್ತೆ ಕುಳಿತ.

ಮಗಳು ಇನ್ನೂ ಹಾಲು ಕುಡಿಯುವ ಕೂಸಾಗಿದ್ದಾಗಿನ ಮಾತು. ಕೋಳಿ ಅಂಕದಲ್ಲಿ ಸೋತು, ಹೊಟ್ಟೆತುಂಬ ಕುಡಿದು ಬಂದವನು ಹೆಂಡತಿ ಮೆಲಿದಾಳ ಹೊಲಿಗೆ ಯಂತ್ರವನ್ನು ಎಳೆದು ತಂದು ಮೆಟ್ಟಿಲ ಮೇಲಿಂದ ಬೀದಿಗೆ ಉರುಳಿಸಿದ್ದ. ಅವಳನ್ನೂ ಕೂಸನ್ನೂ ಹೊರಗೆ ನೂಕಿ ಅಗುಳಿ ಹಾಕಿಕೊಂಡಿದ್ದ. ಮೆಲಿದಾ ಯಾರ ಮನೆಗೂ ಹೋಗಲಿಲ್ಲ. ಬಿದ್ದ ಯಂತ್ರದ ಹಲಗೆಯ ಮೇಲೇ ಕೂಸನ್ನಿಟ್ಟುಕೊಂಡು ದೀಪ ಹಚ್ಚುವ ಹೊತ್ತಿನವರೆಗೆ ನಡುಬೀದಿಯಲ್ಲಿ ಕುಳಿತಿದ್ದಳು. ಆಮೇಲೆ ಹಸಿಂತೊ ಕುಡಿತ ಬಿಟ್ಟ. ಸಂತ ದೊಮಿಂಗೊನ ಮೆರವಣಿಗೆಯಲ್ಲಿ ವಿಗ್ರಹಕ್ಕೆ ಹೆಗಲು ಕೊಡುವವನಾದ. ಜನ ಮರ್ಯಾದೆಯಿಂದ ಹೆಸರಿನ ಹಿಂದೆ ದೊನ್ ಸೇರಿಸಿ ಕರೆಯತೊಡಗಿದರು. ಮರೆತಿದ್ದಾರೆ ಎಂದೇ ಅವನು ಇಷ್ಟು ದಿನ ತಲೆಯೆತ್ತಿ ಓಡಾಡಿದ್ದ.

ಒಳಗೆ ಹೋಗಿ ಹೆಂಡತಿಯ ಮುಂದೆ ನಿಂತ.

"ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು?" ಮೆಲಿದಾ ಸೂಜಿಗೆ ದಾರ ಪೋಣಿಸುತ್ತ ಅಂದಳು. "ಬಟ್ಟೆ ಹೊಲಿಸೋಕೆ ಬರೋರಿಗೆ ನಾನೂ ಹಾಗೇ ಹೇಳ್ತೀನಿ. ಬೇರೆ ಹೇಗೆ ಹೇಳಿದ್ರೂ ದಾರಿ ತಪ್ತಾರೆ."

ಇಷ್ಟು ಹೇಳಿ ಅವಳು ಯಂತ್ರ ತುಳಿಯತೊಡಗಿದಳು. ಅದು ಅಂದಿನದೇ ಯಂತ್ರ. ಬಿದ್ದಾಗ ಸೊಟ್ಟಗಾದ ಗಾಲಿ ಸುತ್ತಿಗೊಮ್ಮೆ ಮುಗ್ಗರಿಸುತ್ತಿತ್ತು. ಇಷ್ಟು ವರ್ಷ ಆ ಸದ್ದಿನಲ್ಲೇ ಮಧ್ಯಾಹ್ನದ ನಿದ್ದೆ ಮಾಡಿದವನಿಗೆ ಇವತ್ತು ಅಲ್ಲಿ ನಿಲ್ಲಲಾಗಲಿಲ್ಲ. ಮತ್ತೆ ಹೊರಗೆ ಬಂದು ಕುಳಿತ. ಒಳಗಿನ ಹೆಂಡತಿಗೆ, ಹೊರಗಿನ ಓಣಿಗೆ, ಯಾರಿಗೆ ಮುಖ ತೋರಿಸುವುದೆಂದೇ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಆ ಇಬ್ಬರೂ ವಾಪಸು ಬಂದರು. ಮುಖ ಸುಟ್ಟು ಕೆಂಪಾಗಿತ್ತು. ಹುಡುಗ ಕುಂಟುತ್ತಿದ್ದ. ಸಂತೆಯವರು ನಕ್ಕು ಮತ್ತೆ ಇದೇ ಬೀದಿಗೆ ಕಳಿಸಿದ್ದರಂತೆ. ಹುಡುಗಿ ಹಸಿಂತೊನನ್ನು ದೂರಲಿಲ್ಲ. ತನಗೇ ಸರಿಯಾಗಿ ಅರ್ಥವಾಗಿರಲಿಲ್ಲ, ಕ್ಷಮಿಸಿ ಎಂದಳು. ಹಸಿಂತೊ ನೆಲ ನೋಡಿದ.

ಮೆಲಿದಾ ಮೆಕ್ಕೆಜೋಳದ ತಣ್ಣನೆಯ ಪಾನಕ ತಂದು ಇಬ್ಬರ ಕೈಗೂ ಕೊಟ್ಟಳು. "ಆ ಮನೆ ಇದೇ ಕಣಮ್ಮ. ಯೆಲ್ಬಾ ಮನೆ ಇಲ್ಲಿಂದ ಮೇಲಕ್ಕೆ, ಸೂರ್ಯ ಹುಟ್ಟೋ ಕಡೆಗೆ, ಒಂದೇ ಬೀದಿ."

ಹುಡುಗಿಗೆ ಖುಷಿಯಾಯಿತು. ಒಳಗಿನ ಯಂತ್ರದ ಕಡೆಗೊಮ್ಮೆ ನೋಡಿ, ಅದು ಬಿದ್ದದ್ದು ಹೇಗೆ ಎಂದು ಕೇಳಿದಳು. ಮೆಲಿದಾ ಗಂಡನ ಕಡೆ ನೋಡಲೂ ಇಲ್ಲ.

"ವಿಳಾಸಕ್ಕೆ ಇಷ್ಟು ಸಾಕು, ಮಗಳೇ."

ಬೈಗುಳವೊಂದನ್ನು ತಡೆದುಕೊಳ್ಳಬಹುದಿತ್ತು, ಈ ಮಾತನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಎದ್ದವನೇ ಹುಡುಗಿಯ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ಜಗುಲಿಗಳ ಮೇಲೆ ಕುಳಿತಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ನಾಳೆ ಟ್ಯಾಕ್ಸಿಯಲ್ಲಿ ಬರುವಾಗ ದಾರಿ ತಪ್ಪಬಾರದೆಂದು ಹುಡುಗಿ ವಿಳಾಸವನ್ನು ಬಾಯಿಪಾಠ ಮಾಡುತ್ತ ಹಿಂದೆ ಬಂದಳು. ಹೊಲಿಗೆ ಯಂತ್ರ ಬಿದ್ದ ಮನೆಯಿಂದ ಮೇಲಕ್ಕೆ ಒಂದು ಬೀದಿ, ಹೊಲಿಗೆ ಯಂತ್ರ ಬಿದ್ದ ಮನೆಯಿಂದ ಮೇಲಕ್ಕೆ ಒಂದು ಬೀದಿ. ಒಂದೊಂದು ಜಗುಲಿ ದಾಟಿದಂತೆ ಅವಳ ದನಿ ಗಟ್ಟಿಯಾಗುತ್ತ ಹೋಯಿತು.

"ಸರಿಯಾಗಿದೆಯಾ, ಯಜಮಾನ್ರೇ? ಹೀಗೆ ಹೇಳಿದ್ರೆ ಎಲ್ರಿಗೂ ಗೊತ್ತಾಗುತ್ತಾ?"

ಹಸಿಂತೊ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ.

"ಸರಿಯಾಗಿದೆ ಮಗಳೇ, ಹಾಗೇ ಹೇಳು. ಗೊತ್ತಿಲ್ದೋನು ಒಬ್ಬನಿದ್ದ, ಅವನಿಗೂ ಇವತ್ತು ಗೊತ್ತಾಯ್ತು."