ಗೋಡೆಯಾಚೆಯ ಹೂವು

ಕಳೆದ ವರ್ಷ ಬೀಗ ರಿಪೇರಿಯವನ ಹೀರೆಬಳ್ಳಿ ಒಂದೇ ಒಂದು ಕಾಯಿ ಬಿಟ್ಟಿರಲಿಲ್ಲ. ಗೋಡೆಯಾಚೆ ಡ್ರಾಯಿಂಗ್ ಮೇಷ್ಟ್ರ ಚಪ್ಪರ ಭಾರಕ್ಕೆ ಬಾಗಿತ್ತು. ಒಂಟಿ ಮನುಷ್ಯ. ಕಾಯಿಗಳನ್ನು ಬಳ್ಳಿಯಲ್ಲೇ ಒಣಗಿಸಿ, ಸಿಪ್ಪೆ ಸುಲಿದು, ಮೈ ಉಜ್ಜುವ ನಾರು ಮಾಡಿ ಬೀದಿಗೆಲ್ಲ ಹಂಚಿದ್ದರು.

“ಬೀಗ ತೆಗೆಯೋ ಕೈಗೆ ಬಳ್ಳಿ ಒಲಿಯಲ್ಲ ಬಿಡಿ ಸ್ವಾಮಿ,” ಎಂದು ನಕ್ಕಿದ್ದರು. ಹೆಂಡತಿಯೂ ನಕ್ಕಿದ್ದಳು. ಅದನ್ನು ಅವನು ಮರೆತಿರಲಿಲ್ಲ.

ಈ ಸಲ ಅವನೇ ಬೀಜ ನೆನೆಹಾಕಿದ, ಕುಂಡದಲ್ಲಿ ಮೊಳೆಸಿದ, ಸಸಿ ನೆಟ್ಟು ತಂತಿ ಕಟ್ಟಿದ. ದಿನಾ ಅಂಗಡಿಗೆ ಹೊರಡುವ ಮುನ್ನ ಬಳ್ಳಿಯ ತಪಾಸಣೆ. ಬುಡದಲ್ಲಿ ಪುಟ್ಟ ಹೀಚಿದ್ದ ಮೊಗ್ಗುಗಳನ್ನು ಉಳಿಸಿ, ಮಿಕ್ಕ ಗೊಂಚಲನ್ನೆಲ್ಲ ಚಿವುಟಿ ಎಸೆಯುತ್ತಿದ್ದ.

“ಅವೂ ಇರ್ಲಿ ಬಿಡ್ರೀ, ಮೇಷ್ಟ್ರು ಚಿವುಟಲ್ಲ,” ಎಂದಳು ಹೆಂಡತಿ ಒಮ್ಮೆ.

“ಕಾಯಿ ಬಿಡದ ದಂಡಪಿಂಡಗಳು ಅವು. ಬಳ್ಳಿ ನಂದು. ಮೇಷ್ಟ್ರ ಪಾಠ ನನಗೆ ಬೇಡ.”

ಬಳ್ಳಿ ಎರಡು ಕಾಯಿ ಕಟ್ಟಿತು, ಆಮೇಲೆ ಐದು. ಅವನು ಬೀದಿಯಲ್ಲಿ ಎದೆಯುಬ್ಬಿಸಿ ನಡೆದ.

ಒಂದು ಸಂಜೆ ಬೇಗ ಬಂದ. ಅಡುಗೆಮನೆಯ ಕಿಟಕಿಯಿಂದ ಕಂಡಿತು: ಮೇಷ್ಟ್ರು ಗೋಡೆಯ ಮೇಲಿಂದ ಅವಳ ಕೈಗೆ ತಮ್ಮ ಚಪ್ಪರದಲ್ಲಿ ಆಗಷ್ಟೇ ಅರಳಿದ ಹಳದಿ ಹೂವೊಂದನ್ನು ಕೊಟ್ಟರು.

“ನಾಳೆ ಎರಡು ತರ್ಲೇನಮ್ಮ?”

“ಒಂದೇ ಸಾಕು ಮೇಷ್ಟ್ರೇ. ಅವರಿಗೆ ಗೊತ್ತಾದ್ರೆ ಮುಗೀತು.”

ಅವಳು ಎಲೆಗಳ ಹಿಂದೆ ಮರೆಯಾದಳು. ಒಳಗೆ ಬಂದಾಗ ಕೈ ಖಾಲಿ. ಬೆರಳ ತುದಿ ಮಾತ್ರ ಹಳದಿ.

“ಏನದು ಕೈಗೆ?”

“ಅರಿಶಿನ,” ಎಂದಳು.

ಮರುದಿನವೂ ಹೂವು. ಅದರ ಮರುದಿನವೂ. ಅವನು ಅನ್ನ ಕಲಸಿ ಹಾಗೇ ಏಳತೊಡಗಿದ. ನಾಲ್ಕನೆಯ ದಿನ ಮೇಷ್ಟ್ರು ಶಾಲೆಗೆ ಹೋದ ಮೇಲೆ, ತಗಡು ಕತ್ತರಿಸುವ ಕತ್ತರಿ ಹಿಡಿದು ಗೋಡೆ ಹಾರಿದ. ಮೇಷ್ಟ್ರ ಬಳ್ಳಿಯ ಬುಡವನ್ನು ಒಂದೇ ಸಲಕ್ಕೆ ಕತ್ತರಿಸಿದ.

ಆ ಸಂಜೆ ಹೂವು ಬರಲಿಲ್ಲ. ವಾರವಿಡೀ ಬರಲಿಲ್ಲ. ಹೆಂಡತಿ ದಿನಾ ಗೋಡೆಯ ಹತ್ತಿರ ಹೋಗಿ, ಬಾಡಿದ ಚಪ್ಪರ ನೋಡಿ ಮುಖ ಸಣ್ಣದು ಮಾಡಿಕೊಂಡು ವಾಪಸಾಗುತ್ತಿದ್ದಳು. ಅವನಿಗೆ ಹಬ್ಬ. ಏಳನೆಯ ದಿನ ತಡೆಯಲಾಗಲಿಲ್ಲ.

“ನಿನ್ನ ಮೇಷ್ಟ್ರು ಇನ್ನು ಹೂ ಎಲ್ಲಿಂದ ತರ್ತಾನೆ? ಬಳ್ಳಿ ಕೊಯ್ದಿದ್ದು ನಾನೇ. ಹದಿನಾಲ್ಕು ವರ್ಷ ನಂಬಿದ್ನಲ್ಲೇ ನಿನ್ನ! ಮಾನಗೆಟ್ಟವಳೇ!”

ಅವಳು ಅಳಲಿಲ್ಲ. ಅವನ ಬಳ್ಳಿಯ ಕೆಳಗೆ ಬಗ್ಗಿ, ಹಳದಿಯಾಗಿ ಉದುರಿದ್ದ ಹೀಚುಗಳನ್ನು ಬೊಗಸೆಯಲ್ಲಿ ತುಂಬಿ ತಂದು ಅವನ ಮುಂದೆ ಸುರಿದಳು.

“ಗಂಡು ಹೂವಿನ ಪುಡಿ ತಾಕದೆ ಕಾಯಿ ಕಟ್ಟಲ್ಲ ರೀ. ನಮ್ಮ ಗಂಡು ಮೊಗ್ಗನ್ನೆಲ್ಲ ದಿನಾ ನೀವೇ ಚಿವುಟಿ ಎಸೀತಿದ್ರಿ. ಹೇಳಿದ್ರೆ ಕೇಳಿದ್ರಾ? ಅದಕ್ಕೇ ಮೇಷ್ಟ್ರನ್ನ ಬೇಡಿ ದಿನಾ ಒಂದು ತಂದು ನಮ್ಮ ಹೆಣ್ಣು ಹೂಗಳಿಗೆ ಸವರ್ತಿದ್ದೆ. ನಿಮ್ಮ ಕೈಗುಣ ಅಂತ ನಾಲ್ಕು ಜನ ಹೊಗಳ್ಲಿ ಅಂತ.”

ಗೋಡೆಯಾಚೆ ಎಳಸಾಗಿಯೇ ಒಣಗಿದ ಕಾಯಿ ಇಪ್ಪತ್ತಾರು. ಈಚೆ ಉದುರಿದ ಹೀಚು ಹನ್ನೊಂದು. ಮರುದಿನ ಬೆಳಿಗ್ಗೆ ಮನೆ ಬಿಟ್ಟು ಹೋದವಳು ಒಬ್ಬಳು.